ಟಿವಿ ಆಂಟೆನಾ ಮತ್ತು ಉಪಗ್ರಹ ಡಿಶ್‌ಗಳ ಸಂಯೋಜಿತ ಜೋಡಣೆ

ಛಾವಣಿಯ ಮೇಲಿನ ಟಿವಿ ಆಂಟೆನಾ ಹಾಗೂ ಉಪಗ್ರಹ ಡಿಶ್‌ಗಳ ಸಂಕೇತಗಳನ್ನು ಒಂದೇ ಕೋಆಕ್ಸಿಯಲ್ ಕೇಬಲ್‌ನ ಮೂಲಕ ಮನೆಯೊಳಕ್ಕೆ ತರುವ ವ್ಯವಸ್ಥೆಯನ್ನು ಸಂಯೋಜಿತ ಜೋಡಣೆ ಎನ್ನಬಹುದು. ಇದರಲ್ಲಿ ಡಿಪ್ಲೆಕ್ಸರ್ ಎಂಬ ಚಿಕ್ಕ ಸಾಧನವು ಎರಡು ಸಂಕೇತಗಳನ್ನು ಒಂದುಗೂಡಿಸುತ್ತದೆ. ಟಿವಿಯ ಬಳಿ ಅಂಥದ್ದೇ ಇನ್ನೊಂದು ಸಾಧನವು ಅವುಗಳನ್ನು ಬೇರ್ಪಡಿಸುತ್ತದೆ. ಆಂಟೆನಾಕ್ಕೆ ವಿದ್ಯುತ್ ಚಾಲಿತ ವರ್ಧಕ (ಆಡುಮಾತಿನಲ್ಲಿ ಬೂಸ್ಟರ್) ಅಳವಡಿಸಿದ್ದರೆ ಜೋಡಣೆ ಹೆಚ್ಚು ಸಂಕೀರ್ಣವಾಗುತ್ತದೆ. ಇಂತಹ ವ್ಯವಸ್ಥೆಯಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಅನೇಕವು ದುರ್ಬಲ ಸಂಕೇತದಿಂದಲ್ಲ, ವಿದ್ಯುತ್ ತಲುಪಬೇಕಾದಲ್ಲಿಗೆ ತಲುಪದಿರುವುದರಿಂದ ಉಂಟಾಗುತ್ತವೆ.

ಕಾರ್ಯವಿಧಾನ

ಭೂಮಿಯ ಮೇಲಿನ ಗೋಪುರಗಳಿಂದ ಹೊರಡುವ ಟಿವಿ ಪ್ರಸಾರವು ವಿಎಚ್‌ಎಫ್ ಮತ್ತು ಯುಎಚ್‌ಎಫ್ ಪಟ್ಟಿಗಳಲ್ಲಿ, ಅಂದರೆ 900 ಮೆಗಾಹರ್ಟ್ಜ್‌ಗಿಂತ ಕೆಳಗಿನ ಆವೃತ್ತಿಗಳಲ್ಲಿ ಇರುತ್ತದೆ. ಉಪಗ್ರಹದಿಂದ ಬರುವ ಕೆಯು ಪಟ್ಟಿಯ ತರಂಗಗಳ ಆವೃತ್ತಿ 10 ಗಿಗಾಹರ್ಟ್ಜ್‌ಗಿಂತ ಹೆಚ್ಚು. ಅವು ಕೇಬಲ್‌ನಲ್ಲಿ ಬಹುದೂರ ಸಾಗಲಾರವು. ಆದ್ದರಿಂದ ಡಿಶ್‌ನ ಮುಂಭಾಗದಲ್ಲಿರುವ ಎಲ್‌ಎನ್‌ಬಿ ಅವುಗಳನ್ನು ಸಾಮಾನ್ಯವಾಗಿ 950ರಿಂದ 2150 ಮೆಗಾಹರ್ಟ್ಜ್‌ವರೆಗಿನ ಆವೃತ್ತಿಗಳಿಗೆ ಇಳಿಸಿ ಕಳುಹಿಸುತ್ತದೆ. ಹೀಗೆ ಎರಡು ಸಂಕೇತಗಳು ಬೇರೆ ಬೇರೆ ಪಟ್ಟಿಗಳಲ್ಲಿರುವುದರಿಂದ ಒಂದೇ ಕೇಬಲ್‌ನಲ್ಲಿ ಪರಸ್ಪರ ತೊಡಕಿಲ್ಲದೆ ಸಾಗುತ್ತವೆ.

ವಿದ್ಯುತ್ ಪೂರೈಕೆ

ಎಲ್‌ಎನ್‌ಬಿಗೆ ಬೇಕಾದ ನೇರ ವಿದ್ಯುತ್ತನ್ನು ಸೆಟ್‌ಟಾಪ್ ಬಾಕ್ಸ್ ಅದೇ ಕೇಬಲ್‌ನಲ್ಲಿ ಕಳುಹಿಸುತ್ತದೆ. ಸಾಮಾನ್ಯ ಎಲ್‌ಎನ್‌ಬಿಗಳಲ್ಲಿ 13 ವೋಲ್ಟ್ ಲಂಬ ಧ್ರುವೀಕರಣವನ್ನೂ 18 ವೋಲ್ಟ್ ಸಮತಲ ಧ್ರುವೀಕರಣವನ್ನೂ ಆಯ್ಕೆ ಮಾಡುತ್ತದೆ. ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ 22 ಕಿಲೋಹರ್ಟ್ಜ್ ನಾದವು ಮೇಲಿನ ಉಪಪಟ್ಟಿಯನ್ನು ಆರಿಸುತ್ತದೆ.

ಆಂಟೆನಾ ವರ್ಧಕಕ್ಕೂ ವಿದ್ಯುತ್ ಬೇಕು. ಕಂಬದ ಮೇಲಿರುವ ವರ್ಧಕಕ್ಕೆ ಅದನ್ನು ಪವರ್ ಇನ್ಸರ್ಟರ್ ಎಂಬ ಸಾಧನದಿಂದ ಆಂಟೆನಾದ ಕೇಬಲ್‌ನಲ್ಲೇ ಮೇಲಕ್ಕೆ ಕಳುಹಿಸಲಾಗುತ್ತದೆ. ಬಹುತೇಕ ಡಿಪ್ಲೆಕ್ಸರ್‌ಗಳು ಡಿಶ್‌ನ ಕಡೆಗೆ ಮಾತ್ರ ವಿದ್ಯುತ್ತನ್ನು ಬಿಟ್ಟು, ಆಂಟೆನಾದ ಕಡೆ ತಡೆಯುತ್ತವೆ. ಆದ್ದರಿಂದ ಇನ್ಸರ್ಟರನ್ನು ಟಿವಿಯ ಹಿಂದೆ ಇರಿಸಿದರೆ ಅದರ ವಿದ್ಯುತ್ ವರ್ಧಕವನ್ನು ತಲುಪುವುದಿಲ್ಲ. ಅದು ವರ್ಧಕಕ್ಕೂ ಮೊದಲ ಡಿಪ್ಲೆಕ್ಸರ್‌ಗೂ ನಡುವೆ ಇರಬೇಕು. ಛಾವಣಿಯ ಸಮೀಪ ವಿದ್ಯುತ್ ಸಾಕೆಟ್ ಇಲ್ಲದ ಮನೆಗಳಲ್ಲಿ ಆಂಟೆನಾಕ್ಕೆ ಪ್ರತ್ಯೇಕ ಕೇಬಲ್ ಎಳೆಯುವುದೇ ಸುಲಭ ಪರಿಹಾರ.

ಸಾಮಾನ್ಯ ದೋಷಗಳು

ವಿದ್ಯುತ್ ಇಲ್ಲದ ವರ್ಧಕ: ವಿದ್ಯುತ್ ಕಡಿತಗೊಂಡ ವರ್ಧಕವು ಸಂಕೇತವನ್ನು ಹಾಗೆಯೇ ಮುಂದಕ್ಕೆ ಬಿಡುವುದಿಲ್ಲ, ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗಾಗಿ ವರ್ಧಕವೇ ಇಲ್ಲದಿದ್ದಾಗ ಬರುತ್ತಿದ್ದ ವಾಹಿನಿಗಳೂ ಮಾಯವಾಗುತ್ತವೆ. ಇನ್ಸರ್ಟರ್‌ನ ಎರಡು ತುದಿಗಳನ್ನು ಅದಲುಬದಲಾಗಿ ಜೋಡಿಸಿದರೂ ಪರಿಣಾಮ ಇದೇ.

ಶಾರ್ಟ್ ಸರ್ಕ್ಯೂಟ್: ಅನೇಕ ಆಂಟೆನಾಗಳ ಹೊಂದಾಣಿಕೆ ಟ್ರಾನ್ಸ್‌ಫಾರ್ಮರ್ ನೇರ ವಿದ್ಯುತ್ತಿನ ದೃಷ್ಟಿಯಲ್ಲಿ ಒಂದು ತುಂಡು ತಂತಿಯಿದ್ದಂತೆ. ಎರಡೂ ಕಡೆಗೆ ವಿದ್ಯುತ್ ಬಿಡುವ ಸಾಧನವನ್ನು ಬಳಸಿದರೆ ಎಲ್‌ಎನ್‌ಬಿಯ ವಿದ್ಯುತ್ ಅಲ್ಲಿ ಶಾರ್ಟ್ ಆಗಿ, ಬಾಕ್ಸ್ ದೋಷಸೂಚನೆ ತೋರಿಸಬಹುದು. ಕನೆಕ್ಟರ್‌ನಲ್ಲಿ ಹೊರಜಾಲರಿಯ ಒಂದು ಎಳೆ ನಡುತಂತಿಗೆ ತಾಗಿದ್ದರೂ ಹೀಗೆಯೇ ಆಗುತ್ತದೆ.

ಅರ್ಧದಷ್ಟು ವಾಹಿನಿಗಳ ನಷ್ಟ: ಉಪಗ್ರಹದ ಕೆಲವು ವಾಹಿನಿಗಳು ಮಾತ್ರ ಬಂದರೆ, ಸವೆದ ಸಂಧಿಯಿಂದಲೋ ಕೇಬಲ್‌ನ ಅತಿ ಉದ್ದದಿಂದಲೋ 18 ವೋಲ್ಟ್ ಕುಸಿದು ಎಲ್‌ಎನ್‌ಬಿ ಲಂಬ ಧ್ರುವೀಕರಣದಲ್ಲೇ ಉಳಿದಿರಬಹುದು. 22 ಕಿಲೋಹರ್ಟ್ಜ್ ನಾದ ತಲುಪದಿದ್ದರೆ ಮೇಲಿನ ಉಪಪಟ್ಟಿಯ ವಾಹಿನಿಗಳು ಸಿಗುವುದಿಲ್ಲ.

ಅತಿಯಾದ ವರ್ಧನೆ: ಪ್ರಸಾರ ಗೋಪುರ ಹತ್ತಿರವಿದ್ದಲ್ಲಿ ವರ್ಧಕವು ಮಿತಿಮೀರಿದ ಸಂಕೇತದಿಂದ ವಿಕೃತಿಯನ್ನು ಉಂಟುಮಾಡುತ್ತದೆ. ಮೊಬೈಲ್ ಜಾಲಗಳೂ ಇದಕ್ಕೆ ಕಾರಣವಾಗಬಲ್ಲವು. ಅಮೆರಿಕದಲ್ಲಿ ಈಗ ಟಿವಿ ಪ್ರಸಾರ 608 ಮೆಗಾಹರ್ಟ್ಜ್‌ನ ಕೆಳಗೆ ಸೀಮಿತವಾಗಿದೆ. ಅದರ ಮೇಲಿನ ಹಳೆಯ ಟಿವಿ ಆವೃತ್ತಿಗಳನ್ನು ಮೊಬೈಲ್ ಸೇವೆಗೆ ನೀಡಲಾಗಿದೆ. ಹಳೆಯ ವರ್ಧಕಗಳು ಈ ಮೊಬೈಲ್ ಸಂಕೇತಗಳನ್ನೂ ವರ್ಧಿಸುತ್ತವೆ. ಸೂಕ್ತ ಫಿಲ್ಟರ್ ಅಳವಡಿಸುವುದು ಅಥವಾ ವರ್ಧಕವನ್ನೇ ತೆಗೆಯುವುದು ಇದಕ್ಕೆ ಪರಿಹಾರ.

ಆವೃತ್ತಿಗಳ ಘರ್ಷಣೆ: ಎಲ್ಲ ಉಪಗ್ರಹ ವ್ಯವಸ್ಥೆಗಳೂ 950 ಮೆಗಾಹರ್ಟ್ಜ್‌ನ ಕೆಳಗಿನ ಜಾಗವನ್ನು ಖಾಲಿ ಬಿಡುವುದಿಲ್ಲ. ಉದಾಹರಣೆಗೆ, ಅಮೆರಿಕದ ಡೈರೆಕ್‌ಟಿವಿ ಸೇವೆಯಲ್ಲಿ ಬಾಕ್ಸ್‌ಗಳನ್ನು ಕೇಬಲ್ ಮೂಲಕವೇ ಪರಸ್ಪರ ಜೋಡಿಸುವ ಜಾಲವು ಯುಎಚ್‌ಎಫ್ ಪಟ್ಟಿಯ ಒಂದು ಭಾಗವನ್ನು ಬಳಸುತ್ತದೆ. ಅಂತಹ ಕೇಬಲ್‌ಗೆ ಆಂಟೆನಾ ಸಂಕೇತವನ್ನು ಸೇರಿಸಲಾಗದು.

ದೋಷ ಪತ್ತೆಯ ಕ್ರಮ

ಅನಲಾಗ್ ಕಾಲದಲ್ಲಿ ಸಂಕೇತ ಕುಂದಿದಂತೆ ಪರದೆಯ ಮೇಲೆ ಚುಕ್ಕೆಗಳು ಹೆಚ್ಚುತ್ತಿದ್ದವು. ನೋಡುಗನಿಗೆ ಮುನ್ಸೂಚನೆ ಸಿಗುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಚಿತ್ರವು ಒಂದು ಮಿತಿಯವರೆಗೆ ಸ್ವಚ್ಛವಾಗಿದ್ದು, ಅದನ್ನು ದಾಟಿದೊಡನೆ ಚೌಕಳಿಗಳಾಗಿ ಒಡೆದು ನಿಂತುಹೋಗುತ್ತದೆ. ಆದುದರಿಂದ ಊಹೆಗಿಂತ ಕ್ರಮಬದ್ಧ ಪರೀಕ್ಷೆ ಮುಖ್ಯ.

1. ಯಾವುದು ನಿಂತಿದೆ ಎಂಬುದನ್ನು ಮೊದಲು ಗುರುತಿಸಬೇಕು. ಆಂಟೆನಾ ವಾಹಿನಿಗಳು ಮಾತ್ರ ಹೋಗಿದ್ದರೆ ವರ್ಧಕ ಮತ್ತು ಇನ್ಸರ್ಟರ್‌ಗಳನ್ನೂ, ಉಪಗ್ರಹ ವಾಹಿನಿಗಳು ಮಾತ್ರ ಹೋಗಿದ್ದರೆ ಡಿಶ್ ಮತ್ತು ಎಲ್‌ಎನ್‌ಬಿಗಳನ್ನೂ, ಎರಡೂ ಹೋಗಿದ್ದರೆ ಡಿಪ್ಲೆಕ್ಸರ್ ಮತ್ತು ಸಾಮಾನ್ಯ ಕೇಬಲ್‌ಗಳನ್ನೂ ಮೊದಲು ಶಂಕಿಸಬೇಕು. ಜೋರು ಮಳೆಯಲ್ಲಿ ಮಾತ್ರ ಉಪಗ್ರಹ ವಾಹಿನಿಗಳು ನಿಲ್ಲುವುದು ಕೆಯು ಪಟ್ಟಿಯ ಸಹಜ ಮಿತಿ.
2. ಬಾಕ್ಸ್ ಮತ್ತು ಇನ್ಸರ್ಟರ್‌ಗಳ ವಿದ್ಯುತ್ ಸಂಪರ್ಕ ತೆಗೆದು, ಕನೆಕ್ಟರ್‌ಗಳಲ್ಲಿ ತುಕ್ಕು, ನೀರು ಮತ್ತು ಸಡಿಲತೆ ಇದೆಯೇ ಎಂದು ನೋಡಬೇಕು.
3. ಎರಡೂ ಡಿಪ್ಲೆಕ್ಸರ್‌ಗಳನ್ನು ಬಿಟ್ಟು, ಆಂಟೆನಾವನ್ನು ಇನ್ಸರ್ಟರ್ ಮೂಲಕ ನೇರವಾಗಿ ಟಿವಿಗೂ, ಡಿಶ್ ಅನ್ನು ನೇರವಾಗಿ ಬಾಕ್ಸ್‌ಗೂ ಒಂದೊಂದಾಗಿ ಜೋಡಿಸಬೇಕು. ಆಗ ಎರಡೂ ಸರಿಯಾಗಿ ಕೆಲಸ ಮಾಡಿದರೆ ದೋಷವು ಜೋಡಣೆಯಲ್ಲಿದೆ.
4. ವರ್ಧಕಕ್ಕೆ ಸೇರುವ ಕೇಬಲ್‌ನ ತುದಿಯನ್ನು ಬಿಚ್ಚಿ, ಇನ್ಸರ್ಟರ್‌ಗೆ ವಿದ್ಯುತ್ ಕೊಟ್ಟು, ನಡುತಂತಿ ಮತ್ತು ಹೊರಜಾಲರಿಗಳ ನಡುವಿನ ವೋಲ್ಟೇಜನ್ನು ಮಲ್ಟಿಮೀಟರ್‌ನಿಂದ ಅಳೆಯಬೇಕು. ಅದು ಇನ್ಸರ್ಟರ್ ಮೇಲೆ ನಮೂದಿಸಿದ ಮಟ್ಟದ ಆಸುಪಾಸಿನಲ್ಲಿರಬೇಕು. ಎಲ್‌ಎನ್‌ಬಿಯ ತುದಿಯಲ್ಲಿ, ಬಾಕ್ಸ್ ಚಾಲನೆಯಲ್ಲಿದ್ದಾಗ, ಸುಮಾರು 13 ಅಥವಾ 18 ವೋಲ್ಟ್ ಕಾಣಬೇಕು.
5. ದಾರಿಯಲ್ಲಿ ಸ್ಪ್ಲಿಟರ್ ಇದ್ದರೆ ಅದು ಉಪಗ್ರಹದ ಆವೃತ್ತಿಗಳನ್ನೂ ವಿದ್ಯುತ್ತನ್ನೂ ಬಿಡುವ ಮಾದರಿಯೇ ಎಂದು ಪರಿಶೀಲಿಸಬೇಕು. ಎರಡು ಕವಲುಗಳ ಸ್ಪ್ಲಿಟರ್ ಪ್ರತಿ ಕವಲಿನಲ್ಲಿ ಸುಮಾರು 3.5 ಡೆಸಿಬೆಲ್ ನಷ್ಟ ಉಂಟುಮಾಡುತ್ತದೆ.
6. ಕೊನೆಯಲ್ಲಿ ವರ್ಧಕವನ್ನು ತೆಗೆದು ಆಂಟೆನಾವನ್ನು ನೇರವಾಗಿ ಪರೀಕ್ಷಿಸಬೇಕು. ವಾಹಿನಿಗಳು ಹೆಚ್ಚಾದರೆ ವರ್ಧಕ ಕೆಟ್ಟಿದೆ ಅಥವಾ ಅನಗತ್ಯವಾಗಿದೆ.

ವರ್ಧಕವು ಕೇಬಲ್‌ನಲ್ಲಿ ಆಗುವ ನಷ್ಟವನ್ನು ತುಂಬಬಲ್ಲದೇ ಹೊರತು, ಆಂಟೆನಾ ಹಿಡಿಯದ ಸಂಕೇತವನ್ನು ಸೃಷ್ಟಿಸಲಾರದು. ಆದ್ದರಿಂದಲೇ ಅದನ್ನು ಆಂಟೆನಾದ ಸಮೀಪದಲ್ಲಿ ಇರಿಸಲಾಗುತ್ತದೆ.

ಸುರಕ್ಷತೆ

ಕಂಬ, ಡಿಶ್ ಮತ್ತು ಕೇಬಲ್‌ನ ಹೊರಜಾಲರಿಗಳಿಗೆ ಅರ್ತಿಂಗ್ ಅಗತ್ಯ. ಗುಡುಗು ಮಿಂಚಿನ ವೇಳೆ ಅಥವಾ ಛಾವಣಿ ಒದ್ದೆಯಾಗಿರುವಾಗ ಮೇಲೆ ಹತ್ತಬಾರದು. ಲೋಹದ ಕಂಬವನ್ನು ವಿದ್ಯುತ್ ತಂತಿಗಳ ಬಳಿ ಎತ್ತುವುದು ಪ್ರಾಣಾಪಾಯಕಾರಿ.

ಭಾರತದಲ್ಲಿ

ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾಯಿತು. ಆಗ ಪ್ರಸಾರವನ್ನು ಪಡೆಯಲು ಮನೆಗಳ ಮೇಲೆ ಯಾಗಿ ಆಂಟೆನಾಗಳಿದ್ದವು. ಗೋಪುರದಿಂದ ದೂರವಿದ್ದ ಊರುಗಳಲ್ಲಿ ಬೂಸ್ಟರ್‌ಗಳೂ ಬಳಕೆಯಲ್ಲಿದ್ದವು. 2004ರಲ್ಲಿ ಪ್ರಸಾರ ಭಾರತಿಯು ಡಿಡಿ ಡೈರೆಕ್ಟ್ ಪ್ಲಸ್ ಎಂಬ ಉಚಿತ ಡಿಟಿಎಚ್ ಸೇವೆಯನ್ನು ಆರಂಭಿಸಿತು. ಅದೇ ಇಂದಿನ ಡಿಡಿ ಫ್ರೀ ಡಿಶ್. ದೇಶದ ಬಹುಪಾಲು ಅನಲಾಗ್ ಪ್ರೇಷಕಗಳು ಈಗ ಸ್ಥಗಿತಗೊಂಡಿರುವುದರಿಂದ ಇಲ್ಲಿ ಸಂಯೋಜಿತ ಜೋಡಣೆ ವಿರಳ. ಡಿಜಿಟಲ್ ಭೂಪ್ರಸಾರ ವ್ಯಾಪಕವಾಗಿರುವ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.