ಸ್ತನ ಇಂಪ್ಲಾಂಟ್ ತೆಗೆಸಬೇಕೆ, ಚಿಕ್ಕದು ಹಾಕಿಸಬೇಕೆ? ನಿರ್ಧಾರಕ್ಕೆ ಮುನ್ನ ಈ ವಿಷಯಗಳು ಗೊತ್ತಿರಲಿ

ಸಿಕಂದರಾಬಾದ್: ಹೈದರಾಬಾದ್‌ನಲ್ಲಿ ಹುಟ್ಟಿ, ತೆಲುಗು ಸಿನಿಮಾದಿಂದ ಬಾಲಿವುಡ್‌ಗೆ ಹೋಗಿ, ಹಿಂದಿ ಬಿಗ್ ಬಾಸ್ ಮೂರನೇ ಸೀಸನ್‌ನಲ್ಲೂ ಕಾಣಿಸಿಕೊಂಡಿದ್ದ ನಟಿ ಶೆರ್ಲಿನ್ ಚೋಪ್ರಾ 2025ರ ನವೆಂಬರ್‌ನಲ್ಲಿ ತಮ್ಮ ಸ್ತನ ಇಂಪ್ಲಾಂಟ್‌ಗಳನ್ನು ತೆಗೆಸಿಕೊಂಡರು. ಬೆನ್ನು, ಕುತ್ತಿಗೆ, ಭುಜ ಮತ್ತು ಎದೆಯ ನೋವು ತಿಂಗಳುಗಟ್ಟಲೆ ಬಿಡದೆ ಕಾಡಿತ್ತು, ಪರೀಕ್ಷೆ ಮಾಡಿಸಿದಾಗ ಭಾರದ ಇಂಪ್ಲಾಂಟ್‌ಗಳೇ ಕಾರಣ ಎಂದು ತಿಳಿಯಿತು ಎಂದು ಅವರೇ ಹೇಳಿಕೊಂಡಿದ್ದರು. ಹೊರತೆಗೆದ ಇಂಪ್ಲಾಂಟ್‌ಗಳನ್ನೂ ತೋರಿಸಿದ್ದರು. ಅವರು ಹೇಳಿದಂತೆ ಒಂದೊಂದರ ತೂಕ 825 ಗ್ರಾಂ.

ಎರಡೂ ಸೇರಿದರೆ 1.65 ಕೆ.ಜಿ. ಅರ್ಧ ಲೀಟರಿನ ಮೂರು ಹಾಲಿನ ಪ್ಯಾಕೆಟ್‌ಗಳನ್ನು ಹಗಲೂ ರಾತ್ರಿ ಎದೆಗೆ ಕಟ್ಟಿಕೊಂಡು ಓಡಾಡಿದಷ್ಟು ಭಾರ. ಸಾಮಾನ್ಯವಾಗಿ ಬಳಸುವ ಇಂಪ್ಲಾಂಟ್‌ಗಳ ಅಳತೆ ಹೆಚ್ಚಾಗಿ 200ರಿಂದ 400 ಸಿಸಿ ಇರುತ್ತದೆ. ಸಿಲಿಕೋನ್ ಜೆಲ್ ಹೆಚ್ಚೂಕಡಿಮೆ ನೀರಿನಷ್ಟೇ ತೂಗುವುದರಿಂದ 300 ಸಿಸಿ ಎಂದರೆ ಸುಮಾರು 300 ಗ್ರಾಂ ಎಂದು ಲೆಕ್ಕ ಹಾಕಬಹುದು.

ಮನರಂಜನೆ ಪುಟದಲ್ಲಿ ಬಂದು ಹೋದ ಈ ಸುದ್ದಿ, ಇಂಪ್ಲಾಂಟ್ ಹಾಕಿಸಿಕೊಂಡು ಈಗ ಏನು ಮಾಡುವುದೆಂದು ತಿಳಿಯದೆ ಕೂತಿರುವ ಮಹಿಳೆಯರಿಗೆ ಬೇರೆಯದೇ ಸುದ್ದಿ. ಹಾಕಿಸುವ ಬಗ್ಗೆ ಜಾಹೀರಾತುಗಳಿಗೆ ಕೊರತೆ ಇಲ್ಲ. ತೆಗೆಸುವ ಬಗ್ಗೆ ಕನ್ನಡದಲ್ಲಿ ಕೇಳಿ ತಿಳಿಯಲು ಸಿಗುವುದು ಕಡಿಮೆ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರು ದೊಡ್ಡ ಚಿಕಿತ್ಸೆಗೆ ಬೆಂಗಳೂರಿಗಿಂತ ಹೈದರಾಬಾದ್, ಸಿಕಂದರಾಬಾದ್ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿರುವುದರಿಂದ ಅವರಿಗೂ ಈ ಮಾಹಿತಿ ಬೇಕಾಗುತ್ತದೆ.

ಜೀವನಪೂರ್ತಿ ಇರುವ ವಸ್ತುವಲ್ಲ

ಜಗತ್ತಿನ ಮೊದಲ ಸಿಲಿಕೋನ್ ಇಂಪ್ಲಾಂಟ್ ಅಳವಡಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಮೂವತ್ತು ವರ್ಷಗಳ ನಂತರ, 1992ರಲ್ಲಿ, ಸುರಕ್ಷತೆಗೆ ಸಾಕಷ್ಟು ಪುರಾವೆ ಇಲ್ಲವೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ ಇಂಪ್ಲಾಂಟ್ ಬಳಸುವುದಕ್ಕೆ ತಡೆ ಹಾಕಿತು. 2006ರಲ್ಲಿ ಮತ್ತೆ ಅನುಮತಿ ಸಿಕ್ಕಿತು. 2010ರಲ್ಲಿ ಫ್ರಾನ್ಸ್‌ನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯದಲ್ಲದ, ಕೈಗಾರಿಕಾ ಸಿಲಿಕೋನ್ ತುಂಬಿ ಮಾರುತ್ತಿದ್ದುದು ಬಯಲಾಯಿತು. ಕಂಪನಿಯ ಸ್ಥಾಪಕನಿಗೆ 2013ರಲ್ಲಿ ಜೈಲು ಶಿಕ್ಷೆಯಾಯಿತು.

2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇನ್ನೂ ಮುಂದೆ ಹೋಗಿ, ಇಂಪ್ಲಾಂಟ್‌ಗಳ ಮೇಲೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಆ ಎಚ್ಚರಿಕೆಯಲ್ಲಿರುವ ಮೊದಲ ಮಾತು: ಇವು ಜೀವನಪೂರ್ತಿ ಬಾಳುವ ಸಾಧನಗಳಲ್ಲ, ವರ್ಷಗಳು ಕಳೆದಂತೆ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಂದರೆ 25ನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು 40, 45ರ ಹೊತ್ತಿಗೆ ಈ ಪ್ರಶ್ನೆ ಎದುರಿಸುವುದು ಅಪರೂಪವಲ್ಲ. ಅದನ್ನು ಮೊದಲ ದಿನವೇ ಹೇಳದಿದ್ದರೆ ತಪ್ಪು ಹೇಳದವರದು, ಹಾಕಿಸಿಕೊಂಡವರದಲ್ಲ.

ಯಾವಾಗ ತೆಗೆಸುತ್ತಾರೆ?

ದೇಹದೊಳಗೆ ಹೊರಗಿನ ವಸ್ತು ಸೇರಿದಾಗ ಅದರ ಸುತ್ತ ದೇಹವೇ ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ. ಇದು ಸಹಜ. ಕೆಲವರಲ್ಲಿ ಈ ಪೊರೆ ದಪ್ಪವಾಗಿ ಬಿಗಿಯುತ್ತಾ ಹೋಗುತ್ತದೆ. ಸ್ತನ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ಒಂದು ಪಕ್ಕಕ್ಕೆ ಮಲಗಿದರೂ ನೋಯುತ್ತದೆ. ವೈದ್ಯರು ಇದನ್ನು ಬೇಕರ್ ಅಳತೆಯಲ್ಲಿ ಒಂದರಿಂದ ನಾಲ್ಕರವರೆಗೆ ಗುರುತಿಸುತ್ತಾರೆ. ಮೂರು ಅಥವಾ ನಾಲ್ಕನೇ ಹಂತ ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಇನ್ನೊಂದು ಕಾರಣ ಒಡೆಯುವುದು. ಉಪ್ಪುನೀರು ತುಂಬಿದ ಸಲೈನ್ ಇಂಪ್ಲಾಂಟ್ ಒಡೆದರೆ ಬಲೂನಿನ ಗಾಳಿ ಹೋದಂತೆ ಕುಗ್ಗುತ್ತದೆ, ಗೊತ್ತಾಗಿಬಿಡುತ್ತದೆ. ಸಿಲಿಕೋನ್ ಹಾಗಲ್ಲ, ಒಡೆದರೂ ಹೊರಗೆ ಏನೂ ಕಾಣದೆ ಇರಬಹುದು. ಅದಕ್ಕಾಗಿಯೇ ಸಿಲಿಕೋನ್ ಇದ್ದವರು ಯಾವ ತೊಂದರೆ ಇಲ್ಲದಿದ್ದರೂ ಹಾಕಿಸಿದ 5-6 ವರ್ಷಕ್ಕೆ ಮೊದಲ ಬಾರಿ, ನಂತರ 2-3 ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕು ಎಂದು ಎಫ್‌ಡಿಎ ಸಲಹೆ ನೀಡುತ್ತದೆ. ಮ್ಯಾಮೋಗ್ರಾಂ ಮಾಡಿಸುವಾಗ ಇಂಪ್ಲಾಂಟ್ ಇರುವುದನ್ನು ಟೆಕ್ನಿಷಿಯನ್‌ಗೆ ಮೊದಲೇ ಹೇಳಬೇಕು. ಅದನ್ನು ಹಿಂದಕ್ಕೆ ಸರಿಸಿ ಚಿತ್ರ ತೆಗೆಯುವ ವಿಧಾನವೇ ಬೇರೆ.

ತೂಕದ ತೊಂದರೆ ಮೂರನೆಯದು. ಹೆರಿಗೆಯ ನಂತರ ಅಥವಾ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ತೂಕ ಹೆಚ್ಚಿದಾಗ ಸಹಜ ಸ್ತನವೂ ದೊಡ್ಡದಾಗುತ್ತದೆ. ಹಿಂದೆ ಹೊಂದುತ್ತಿದ್ದ ಇಂಪ್ಲಾಂಟ್ ಈಗ ಹೊರೆಯಾಗುತ್ತದೆ. ಬ್ರಾ ಪಟ್ಟಿ ಭುಜದಲ್ಲಿ ಗೆರೆ ಕೊರೆಯುವುದು, ಓಡಲು ಆಗದಿರುವುದು ಇದರ ಲಕ್ಷಣ. ಇನ್ನು ಕೆಲವರಿಗೆ ಯಾವ ನೋವೂ ಇರುವುದಿಲ್ಲ, ಸಾಕು ಅನ್ನಿಸಿರುತ್ತದೆ ಅಷ್ಟೆ. ಹಾಲಿವುಡ್‌ನ ಪಮೇಲಾ ಆಂಡರ್ಸನ್ 1999ರಲ್ಲಿ, ಮಾಡೆಲ್ ಕ್ರಿಸ್ಸಿ ಟೀಗನ್ 2020ರಲ್ಲಿ ಇಂಪ್ಲಾಂಟ್ ತೆಗೆಸಿಕೊಂಡಿದ್ದರು. ಬೇಡ ಅನ್ನಿಸಿದ್ದೂ ಒಂದು ಕಾರಣವೇ.

ಕ್ಯಾನ್ಸರ್ ಭಯ ಎಷ್ಟು ನಿಜ?

2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಹೆಸರಿನ, ಮೇಲ್ಮೈ ಒರಟಾಗಿರುವ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಅಪರೂಪದ ಲಿಂಫೋಮಾ ಒಂದಕ್ಕೂ ಅವುಗಳಿಗೂ ನಂಟು ಕಂಡುಬಂದದ್ದೇ ಕಾರಣ. ಇದು ಸ್ತನ ಕ್ಯಾನ್ಸರ್ ಅಲ್ಲ. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಹುಟ್ಟುವ, ರೋಗನಿರೋಧಕ ಕೋಶಗಳ ಕ್ಯಾನ್ಸರ್. ಮುಖ್ಯ ಲಕ್ಷಣವೆಂದರೆ ಹಾಕಿಸಿ ಎಷ್ಟೋ ವರ್ಷಗಳಾದ ಮೇಲೆ ಒಂದು ಕಡೆಯ ಸ್ತನ ಇದ್ದಕ್ಕಿದ್ದಂತೆ ಊದಿಕೊಳ್ಳುವುದು. ಹಾಗಾದರೆ ಒಳಗಿನ ದ್ರವ ತೆಗೆದು ಪರೀಕ್ಷಿಸುತ್ತಾರೆ. ಬೇಗ ಪತ್ತೆಯಾದರೆ ಇಂಪ್ಲಾಂಟ್ ಮತ್ತು ಪೊರೆಯನ್ನು ಪೂರ್ತಿ ತೆಗೆಯುವುದರಿಂದಲೇ ಬಹುಪಾಲು ರೋಗಿಗಳು ಗುಣವಾಗುತ್ತಾರೆ.

ಹಾಗೆಂದು ಎಲ್ಲರೂ ಓಡಿಹೋಗಿ ತೆಗೆಸಬೇಕಿಲ್ಲ. ವಾಪಸ್ ಪಡೆದ ಇಂಪ್ಲಾಂಟ್ ಇದ್ದರೂ, ಯಾವುದೇ ಲಕ್ಷಣ ಇಲ್ಲದವರು ತೆಗೆಸುವ ಅಗತ್ಯವಿಲ್ಲ ಎಂದೇ ಎಫ್‌ಡಿಎ ಹೇಳಿದೆ. ಊತ, ಗಂಟು, ಚರ್ಮದ ಬದಲಾವಣೆ ಕಂಡರೆ ಮಾತ್ರ ಕಾಯುತ್ತಾ ಕೂರಬಾರದು. ಸಿಕಂದರಾಬಾದ್‌ನ ಮಿನಿಸ್ಟರ್ ರಸ್ತೆಯಲ್ಲಿರುವ ಕಿಮ್ಸ್-ಉಷಾಲಕ್ಷ್ಮಿ ಕೇಂದ್ರದಂತಹ, ಸ್ತನದ ಕಾಯಿಲೆಗಳಿಗೇ ಮೀಸಲಾದ ಘಟಕಗಳು ಈಗ ಇವೆ. ಗಂಟು ಕಂಡಾಗ ಮೊದಲು ಹೋಗಬೇಕಾದದ್ದು ಇಂತಹ ಕಡೆಗೆ, ಬ್ಯೂಟಿ ಕ್ಲಿನಿಕ್‌ಗಲ್ಲ.

ಸುಸ್ತು, ಮರೆವು, ಕೀಲುನೋವು

ಇಂಪ್ಲಾಂಟ್ ಹಾಕಿಸಿದ ಬಳಿಕ ವಿಪರೀತ ಆಯಾಸ, ಮಂಕು, ಕೀಲುನೋವು, ಕೂದಲು ಉದುರುವಿಕೆ ಶುರುವಾಯಿತು ಎನ್ನುವ ಮಹಿಳೆಯರು ಜಗತ್ತಿನ ಎಲ್ಲೆಡೆ ಇದ್ದಾರೆ. ಇದಕ್ಕೆ 'ಬ್ರೆಸ್ಟ್ ಇಂಪ್ಲಾಂಟ್ ಇಲ್‌ನೆಸ್' ಎಂಬ ಹೆಸರು ಬಿದ್ದಿದೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ, ಕಾರಣವೂ ಇನ್ನೂ ಸ್ಪಷ್ಟವಾಗಿಲ್ಲ. ತೆಗೆಸಿದ ಮೇಲೆ ಹಗುರವಾಯಿತು ಎಂದವರು ಅನೇಕರು, ಏನೂ ಬದಲಾಗಲಿಲ್ಲ ಎಂದವರೂ ಇದ್ದಾರೆ. 'ಎಲ್ಲಾ ನಿಮ್ಮ ಭ್ರಮೆ' ಎಂದು ಕಳಿಸುವ ವೈದ್ಯರು, 'ತೆಗೆಸಿದರೆ ಗ್ಯಾರಂಟಿ ವಾಸಿ' ಎನ್ನುವ ಜಾಹೀರಾತು, ಎರಡನ್ನೂ ನಂಬಬೇಕಿಲ್ಲ. ನಮ್ಮ ದೇಶದ ಮಹಿಳೆಯರಲ್ಲಿ ರಕ್ತಹೀನತೆ, ಥೈರಾಯ್ಡ್ ಹಾಗೂ ವಿಟಮಿನ್ ಕೊರತೆ ಸಾಮಾನ್ಯ, ಅವುಗಳ ಲಕ್ಷಣಗಳೂ ಇವೇ. ಮೊದಲು ಆ ಪರೀಕ್ಷೆಗಳಾಗಲಿ.

ತೆಗೆದ ಮೇಲೆ ಹೇಗೆ ಕಾಣುತ್ತದೆ?

ಹೆಚ್ಚಿನವರು ಕೇಳಲು ಹಿಂಜರಿಯುವ ಪ್ರಶ್ನೆ ಇದು. ವರ್ಷಗಳ ಕಾಲ ಹಿಗ್ಗಿದ್ದ ಚರ್ಮ ಒಂದೇ ದಿನಕ್ಕೆ ಕುಗ್ಗುವುದಿಲ್ಲ. ಮೊದಲ ವಾರಗಳಲ್ಲಿ ಸ್ತನ ಚಪ್ಪಟೆಯಾಗಿ, ಸುಕ್ಕಾಗಿ ಕಾಣಬಹುದು. ತಿಂಗಳುಗಳು ಕಳೆದಂತೆ ಎಷ್ಟೋ ಸುಧಾರಿಸುತ್ತದೆ. ವಯಸ್ಸು, ಚರ್ಮದ ಬಿಗಿ, ಇಂಪ್ಲಾಂಟ್‌ನ ಗಾತ್ರ ಇವುಗಳ ಮೇಲೆ ಫಲಿತಾಂಶ ನಿಂತಿರುತ್ತದೆ.

ಚಿಕ್ಕದು ಹಾಕಿಸುವವರಿಗೆ ಬೇರೆ ಲೆಕ್ಕ. ದೊಡ್ಡ ಇಂಪ್ಲಾಂಟ್‌ಗೆಂದು ಆಗಿದ್ದ ಜಾಗದಲ್ಲಿ ಚಿಕ್ಕದನ್ನು ಇಟ್ಟರೆ ಅದು ಜಾರುತ್ತದೆ. ಹಾಗಾಗಿ ಒಳಗಿನ ಜಾಗವನ್ನು ಹೊಲಿದು ಕಿರಿದು ಮಾಡಬೇಕು, ಹೆಚ್ಚುವರಿ ಚರ್ಮ ತೆಗೆದು ಸ್ತನವನ್ನು ಎತ್ತಿ ಹೊಲಿಯುವ 'ಲಿಫ್ಟ್' ಕೂಡ ಬೇಕಾಗಬಹುದು. ಲಿಫ್ಟ್ ಎಂದರೆ ಹೆಚ್ಚು ಗಾಯದ ಗುರುತು. ಚಿಕ್ಕದಾದರೂ ಅದೂ ಇಂಪ್ಲಾಂಟೇ, ಸ್ಕ್ಯಾನ್ ತಪ್ಪುವುದಿಲ್ಲ, ಮುಂದೊಂದು ದಿನ ಮತ್ತೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯೂ ತಪ್ಪುವುದಿಲ್ಲ. ಮೂರನೇ ದಾರಿಯೂ ಇದೆ: ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ತೆಗೆದು ಸ್ತನಕ್ಕೆ ತುಂಬುವುದು. ಅದರಲ್ಲಿ ಒಂದಷ್ಟು ಕರಗಿಹೋಗುವುದರಿಂದ ಸಾಧಾರಣ ಗಾತ್ರವಷ್ಟೇ ಸಿಗುತ್ತದೆ.

ಸಲೈನ್ ಇಂಪ್ಲಾಂಟ್ ಇದ್ದವರಿಗೆ ಒಂದು ಅನುಕೂಲವಿದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಕ್ಲಿನಿಕ್‌ನಲ್ಲಿ ಸೂಜಿ ಹಾಕಿ ನೀರು ತೆಗೆದರೆ, ಇಂಪ್ಲಾಂಟ್ ಇಲ್ಲದಿದ್ದಾಗ ಹೇಗೆ ಕಾಣಬಹುದು ಎಂಬ ಅಂದಾಜು ಸಿಗುತ್ತದೆ. ಸಿಲಿಕೋನ್‌ನಲ್ಲಿ ಇದು ಆಗದು.

ಪೊರೆಯನ್ನು ಇಂಪ್ಲಾಂಟ್ ಸಮೇತ ಒಂದೇ ಗಡ್ಡೆಯಾಗಿ ತೆಗೆಯುವ 'ಎನ್ ಬ್ಲಾಕ್' ವಿಧಾನವೇ ಶ್ರೇಷ್ಠ ಎಂಬ ಪ್ರಚಾರ ಸಾಮಾಜಿಕ ಜಾಲತಾಣದಲ್ಲಿ ಜೋರಾಗಿದೆ. ಅದು ನಿಜವಾಗಿ ಬೇಕಾಗುವುದು ಲಿಂಫೋಮಾ ಇದ್ದಾಗ ಅಥವಾ ಅದರ ಅನುಮಾನ ಬಂದಾಗ. ಉಳಿದವರಲ್ಲಿ ಪೊರೆಯನ್ನು ಪೂರ್ತಿ ತೆಗೆಯಬಹುದು, ಸ್ವಲ್ಪ ತೆಗೆಯಬಹುದು, ತೆಳುವಾಗಿದ್ದರೆ ಬಿಡಲೂಬಹುದು. ಪಕ್ಕೆಲುಬಿಗೆ ಅಂಟಿದ ಪೊರೆಯನ್ನು ಹಟ ಹಿಡಿದು ಕಿತ್ತರೆ ಶ್ವಾಸಕೋಶದ ಹೊದಿಕೆಗೆ ಪೆಟ್ಟಾಗುವ ಅಪಾಯವಿದೆ.

ಒಪ್ಪಿಗೆ ಕೊಡಬೇಕಾದವರು ಯಾರು?

ವಯಸ್ಕ ಮಹಿಳೆಯ ಒಪ್ಪಿಗೆ ಅವಳದ್ದೇ. ಪತಿಯ ಸಹಿ ಕೇಳುವ ರೂಢಿ ಆಸ್ಪತ್ರೆಗಳಲ್ಲಿ ಇರಬಹುದು, ಕಾನೂನು ಅದನ್ನು ಕೇಳುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದ ಪ್ರಕರಣ ಅದು. ತುರ್ತು ಇಲ್ಲದಿರುವಾಗ ಬೇರೆಯವರ ಒಪ್ಪಿಗೆ ನಡೆಯದು, ಒಂದು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಅನ್ವಯಿಸದು ಎಂದು ಕೋರ್ಟ್ ಹೇಳಿತು. ಆದ್ದರಿಂದ ಪೊರೆ ತೆಗೆಯುತ್ತಾರೆಯೇ, ಲಿಫ್ಟ್ ಮಾಡುತ್ತಾರೆಯೇ, ಹೊಸ ಇಂಪ್ಲಾಂಟ್ ಇಡುತ್ತಾರೆಯೇ ಎಂಬುದೆಲ್ಲ ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು.

ಕಾರ್ಡ್, ಖರ್ಚು, ವೈದ್ಯರು

ಇಂಪ್ಲಾಂಟ್ ಹಾಕಿದಾಗ ಕಂಪನಿ, ಮಾದರಿ, ಗಾತ್ರ, ಸೀರಿಯಲ್ ಸಂಖ್ಯೆ ಇರುವ ಕಾರ್ಡ್ ಕೊಡುತ್ತಾರೆ. ಅದನ್ನು ಆಧಾರ್ ಕಾರ್ಡ್‌ನಷ್ಟೇ ಜೋಪಾನವಾಗಿಡಿ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ ವೈದ್ಯರಿಗೆ ಇದೆ. ಆದರೆ 2002ರ ಆ ವೃತ್ತಿ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಮೂರು ವರ್ಷ ಮಾತ್ರ. ಹತ್ತು ವರ್ಷ ಹಿಂದಿನ ಫೈಲ್ ಸಿಗದೇ ಹೋದರೆ ಆಶ್ಚರ್ಯವಿಲ್ಲ.

ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಜಿಎಸ್‌ಟಿ ವಿನಾಯಿತಿಯೂ ಇಲ್ಲ. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ರಚನೆಗೆ, ಆರೋಗ್ಯಕ್ಕೆ ನೇರ ಅಪಾಯವಿದೆ ಎಂದು ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆಗೆ ವಿಮಾ ನಿಯಮಗಳಲ್ಲಿ ಅವಕಾಶವಿದೆ. ಒಡೆದ ಇಂಪ್ಲಾಂಟ್‌ನ ಎಂಆರ್‌ಐ ವರದಿ ಇದ್ದರೆ ಅರ್ಜಿಗೆ ಬಲ ಬರುತ್ತದೆ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಇಂಪ್ಲಾಂಟ್ ಪಡೆದವರು ಇದನ್ನು ಕೇಳದೆ ಬಿಡಬಾರದು.

ವೈದ್ಯರ ಅರ್ಹತೆ ನೋಡುವುದು ಇಲ್ಲಿ ಶಿಷ್ಟಾಚಾರದ ಮಾತಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬಳಿಕ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಮೃತಪಟ್ಟದ್ದು ಕನ್ನಡಿಗರಿಗೆ ನೆನಪಿದೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಪದವಿ ಇದೆಯೇ, ಅರಿವಳಿಕೆ ತಜ್ಞರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ ಎಂದು ಕೇಳಿ. ಧೂಮಪಾನಿಗಳು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಇಲ್ಲವಾದರೆ ಗಾಯ ಮಾಯುವುದಿಲ್ಲ. ಒಳಗೆ ಸೇರುವ ದ್ರವ ಹೊರಬರಲು ಕೆಲವರಿಗೆ ಸಣ್ಣ ಕೊಳವೆ ಇಟ್ಟಿರುತ್ತಾರೆ. ಬೀದರ್‌ನಿಂದಲೋ ಕಲಬುರಗಿಯಿಂದಲೋ ಬಂದವರು ಅದನ್ನು ತೆಗೆಯುವವರೆಗೆ ನಗರದಲ್ಲೇ ಉಳಿಯುವುದು ಕ್ಷೇಮ. ನಾಲ್ಕರಿಂದ ಆರು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವಂತಿಲ್ಲ.

ತೆಗೆದ ಪೊರೆಯಲ್ಲಿ ಅಸಹಜವಾದದ್ದು ಕಂಡರೆ ಅದನ್ನು ಪೆಥಾಲಜಿ ಪರೀಕ್ಷೆಗೆ ಕಳಿಸಲು ಮೊದಲೇ ಹೇಳಿ, ವರದಿಯ ಪ್ರತಿ ಪಡೆಯಿರಿ. ಇಂಪ್ಲಾಂಟ್ ಒಡೆದದ್ದು, ಸೋಂಕು ಅಥವಾ ಬೇರೆ ತೊಂದರೆಯಾಗಿದ್ದರೆ ಭಾರತದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ದೂರು ಕೊಡಬಹುದು. ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲೆಂದೇ 2015ರ ಜುಲೈನಲ್ಲಿ ಶುರುವಾದ ಇದನ್ನು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ನಡೆಸುತ್ತದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ನೇರವಾಗಿ ವರದಿ ಮಾಡಬಹುದು. ಶುಲ್ಕರಹಿತ ಸಹಾಯವಾಣಿ ಸಂಖ್ಯೆ 1800-180-3024.