ಐಎನ್‌ಎಸ್ ಖುಕ್ರಿ

ಐಎನ್‌ಎಸ್ ಖುಕ್ರಿ ಭಾರತೀಯ ನೌಕಾಪಡೆಗೆ ಸೇರಿದ್ದ ಜಲಾಂತರ್ಗಾಮಿ ನಿರೋಧಕ ಯುದ್ಧನೌಕೆ. 1971ರ ಭಾರತ-ಪಾಕಿಸ್ತಾನ ಯುದ್ಧದ ಸಂದರ್ಭದಲ್ಲಿ, ಡಿಸೆಂಬರ್ 9ರ ರಾತ್ರಿ, ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಡೆಸಿದ ದಾಳಿಯಿಂದ ಇದು ಅರಬ್ಬೀ ಸಮುದ್ರದಲ್ಲಿ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಮೃತಪಟ್ಟರು. ಸ್ವಾತಂತ್ರ್ಯಾನಂತರ ಭಾರತವು ಯುದ್ಧದಲ್ಲಿ ಕಳೆದುಕೊಂಡ ಏಕೈಕ ಯುದ್ಧನೌಕೆ ಇದು.

ನಿರ್ಮಾಣ

ಬ್ರಿಟನ್ನಿನ ಬ್ಲ್ಯಾಕ್‌ವುಡ್ ವರ್ಗದ ಫ್ರಿಗೇಟ್ ಆಗಿದ್ದ ಖುಕ್ರಿಯನ್ನು ಕೌಸ್ ಪಟ್ಟಣದ ಜೆ. ಸ್ಯಾಮ್ಯುಯೆಲ್ ವೈಟ್ ಸಂಸ್ಥೆ ನಿರ್ಮಿಸಿತು. 1956ರಲ್ಲಿ ನೀರಿಗಿಳಿದ ನೌಕೆ 1958ರಲ್ಲಿ ಸೇವೆಗೆ ಸೇರಿತು. ಗೂರ್ಖಾ ಯೋಧರ ಬಾಗುಕತ್ತಿಯಿಂದ ಇದಕ್ಕೆ ಹೆಸರು ಬಂದಿದೆ. ಇದೇ ವರ್ಗದ ಕಿರ್ಪಾನ್ ಮತ್ತು ಕುಠಾರ್ ನೌಕೆಗಳೂ ಆಯುಧಗಳ ಹೆಸರನ್ನೇ ಹೊತ್ತಿದ್ದವು. ಈ ಮೂರೂ 14ನೆಯ ಫ್ರಿಗೇಟ್ ದಳಕ್ಕೆ ಸೇರಿದ್ದವು.

ಯುದ್ಧಕಾಲದ ಸೇವೆ

1971ರ ಡಿಸೆಂಬರ್ 3ರಂದು ಯುದ್ಧ ಆರಂಭವಾಯಿತು. ಕಾಠಿಯಾವಾಡ ಕರಾವಳಿಯ ದಿಯು ಸಮೀಪ ಶತ್ರು ಜಲಾಂತರ್ಗಾಮಿಯ ಸುಳಿವು ದೊರೆತಾಗ ಅದನ್ನು ಹುಡುಕಿ ನಾಶಪಡಿಸಲು ಮುಂಬಯಿಯಿಂದ ಈ ದಳವನ್ನು ಕಳುಹಿಸಲಾಯಿತು. ಬಾಯ್ಲರ್ ಅವಘಡದಿಂದಾಗಿ ಕುಠಾರ್ ಬಂದರಿನಲ್ಲೇ ಉಳಿಯಿತು. ಖುಕ್ರಿಯ ನಾಯಕತ್ವವನ್ನು ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ವಹಿಸಿದ್ದರು.

ಫ್ರಾನ್ಸ್ ನಿರ್ಮಿತ ಹಂಗೋರ್ ಆಗಿನ ಕಾಲಕ್ಕೆ ಆಧುನಿಕ ಜಲಾಂತರ್ಗಾಮಿ. ಅದರ ಸೋನಾರ್ ಉಪಕರಣವು ಬಹುದೂರದ ಶಬ್ದವನ್ನೂ ಗುರುತಿಸಬಲ್ಲುದಾಗಿತ್ತು. ಖುಕ್ರಿಯ ಸೋನಾರ್‌ಗೆ ಅಷ್ಟು ವ್ಯಾಪ್ತಿಯಿರಲಿಲ್ಲ. ಅದರ ಸಾಮರ್ಥ್ಯವನ್ನು ಹೆಚ್ಚಿಸುವ ಪ್ರಯೋಗವೊಂದು ನೌಕೆಯಲ್ಲಿ ನಡೆದಿತ್ತು. ಆ ಪ್ರಯೋಗಕ್ಕೆ ನೌಕೆಯು ನಿಧಾನವಾಗಿ ಚಲಿಸಬೇಕಿತ್ತು. ಆದರೆ ನಿಧಾನವಾಗಿ ಚಲಿಸುವ ನೌಕೆ ಜಲಾಂತರ್ಗಾಮಿಗೆ ಸುಲಭ ಗುರಿಯಾಗುತ್ತದೆ. ಈ ಕಡಿಮೆ ವೇಗದ ನಿರ್ಧಾರ ಮುಂದೆ ಬಹಳ ಚರ್ಚೆಗೆ ಒಳಗಾಯಿತು.

ಮುಳುಗಡೆ

ಡಿಸೆಂಬರ್ 9ರ ರಾತ್ರಿ ಸುಮಾರು ಒಂಬತ್ತು ಗಂಟೆಯ ವೇಳೆಗೆ, ದಿಯುವಿನಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ ಹಂಗೋರ್ ದಾಳಿ ಆರಂಭಿಸಿತು. ಕಿರ್ಪಾನ್‌ನತ್ತ ಹಾರಿಸಿದ ಮೊದಲ ಟಾರ್ಪೆಡೊ ಸ್ಫೋಟಗೊಳ್ಳಲಿಲ್ಲ. ಎರಡನೆಯದು ಖುಕ್ರಿಗೆ ತಗುಲಿತು. ಕೆಲವೇ ನಿಮಿಷಗಳಲ್ಲಿ ನೌಕೆ ಮುಳುಗಿದ್ದರಿಂದ ಕೆಳ ಅಂತಸ್ತುಗಳಲ್ಲಿದ್ದ ಬಹುತೇಕರಿಗೆ ಹೊರಬರಲು ಅವಕಾಶವಾಗಲಿಲ್ಲ. ನೌಕೆಯನ್ನು ತೊರೆಯುವಂತೆ ಆದೇಶಿಸಿದ ಮುಲ್ಲಾ, ತಮ್ಮ ಜೀವರಕ್ಷಕ ಕವಚವನ್ನು ನಾವಿಕನೊಬ್ಬನಿಗೆ ಕೊಟ್ಟು, ತಾವು ನೌಕೆಯಲ್ಲೇ ಉಳಿದು ಅದರೊಡನೆ ಜಲಸಮಾಧಿಯಾದರು. ಬದುಕುಳಿದ 6 ಅಧಿಕಾರಿಗಳು ಹಾಗೂ 61 ನಾವಿಕರನ್ನು ಮರುದಿನ ರಕ್ಷಿಸಲಾಯಿತು. ಎರಡನೆಯ ಮಹಾಯುದ್ಧದ ನಂತರ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ ಮೊದಲ ಘಟನೆ ಇದು. ಹಂಗೋರ್‌ಗಾಗಿ ಭಾರತೀಯ ನೌಕಾಪಡೆ ಹಲವು ದಿನ ಶೋಧ ನಡೆಸಿದರೂ ಅದು ತಪ್ಪಿಸಿಕೊಂಡು ಕರಾಚಿ ತಲುಪಿತು.

ಸ್ಮರಣೆ

ಕ್ಯಾಪ್ಟನ್ ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ನೀಡಲಾಯಿತು. ದಿಯುವಿನ ಕಡಲತೀರದ ದಿಬ್ಬವೊಂದರ ಮೇಲೆ ಗಾಜಿನ ಆವರಣದಲ್ಲಿ ನೌಕೆಯ ಮಾದರಿಯನ್ನಿರಿಸಿ ಸ್ಮಾರಕವನ್ನು ನಿರ್ಮಿಸಲಾಗಿದೆ. ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ನಿರ್ಮಾಣಗೊಂಡು 1989ರಲ್ಲಿ ಸೇವೆಗೆ ಸೇರಿದ ಕಾರ್ವೆಟ್ ನೌಕೆಗೆ ಖುಕ್ರಿ ಎಂದೇ ಹೆಸರಿಡಲಾಯಿತು. 2021ರ ಡಿಸೆಂಬರ್‌ನಲ್ಲಿ ನಿವೃತ್ತಿಗೊಂಡ ಆ ನೌಕೆಯನ್ನು ಸಂಗ್ರಹಾಲಯವಾಗಿಸಲು ದಿಯು ಆಡಳಿತಕ್ಕೆ ಒಪ್ಪಿಸಲಾಗಿದೆ. ಹಂಗೋರ್ ಕರಾಚಿಯ ನೌಕಾ ಸಂಗ್ರಹಾಲಯದಲ್ಲಿದೆ.