ಎರಡೆಳೆಯ ಹೆಣಿಗೆ

ಸ್ವೀಡನ್ ದೇಶದ ನಡುಭಾಗದಲ್ಲಿ, ಸಿಲ್ಯಾನ್ ಸರೋವರದ ಸುತ್ತಲಿನ ಅರಣ್ಯಗಳಲ್ಲಿ ಹಬ್ಬಿರುವ ಡಾಲಾರ್ನಾ ಪ್ರಾಂತಕ್ಕೆ ಫಾಲುನ್ ಮುಖ್ಯ ಪಟ್ಟಣ. ಮಧ್ಯಯುಗದಿಂದ ಮೊದಲುಗೊಂಡು 1992ರವರೆಗೆ ಅಲ್ಲಿಯ ಗಣಿಯಲ್ಲಿ ಕೆಲಸ ನಡೆಯಿತು. 17ನೆಯ ಶತಮಾನದಲ್ಲಿ ಯೂರೋಪು ಬಳಸಿದ ತಾಮ್ರದ ಹೆಚ್ಚುಪಾಲು ಆ ಒಂದು ಗಣಿಯಿಂದಲೇ ಹೊರಟಿತು. ಅದಿರನ್ನು ಕರಗಿಸಿ ತಾಮ್ರವನ್ನು ಒಯ್ದವರು ಉಳಿದ ಕಿಟ್ಟವನ್ನು ಊರಿನ ಆಸುಪಾಸಿನಲ್ಲಿಯೇ ಸುರಿದು ಹೋದರು. ಆ ರಾಶಿಗಳು ಕಾಲಾಂತರದಲ್ಲಿ ನೆಲವೇ ಆಗಿ, ಅವುಗಳ ಮೇಲೆ ಮನೆಗಳೂ ಬೀದಿಗಳೂ ಎದ್ದವು. ಇಂಥದೊಂದು ಹಳೆಯ ಮನೆಯ ನಿವೇಶನದಲ್ಲಿ 1974ರಲ್ಲಿ ಉತ್ಖನನ ನಡೆದಾಗ ಕಿಟ್ಟದ ಪದರದಡಿಯಲ್ಲಿ ಉಣ್ಣೆಯ ಕೈಗವಸೊಂದು ದೊರೆಯಿತು. ಆ ಪದರವು 17ನೆಯ ಶತಮಾನದಿಂದ ಕದಲದೆ ಬಿದ್ದುದಾದಕಾರಣ, ಅದರ ಕೆಳಗಿನ ಗವಸು ಅದಕ್ಕಿಂತ ಈಚಿನದಾಗಿರಲು ಸಾಧ್ಯವಿರಲಿಲ್ಲ.

ಫಾಲುನ್ನಿನ ನೆಲ ತಾನು ನುಂಗಿದ್ದನ್ನು ಬಹುಕಾಲ ಕಾಪಾಡಿ ಹಿಂದಿರುಗಿಸಿದ್ದು ಇದೇ ಮೊದಲಲ್ಲ. 1677ರಲ್ಲಿ ಫೆಟ್-ಮಾಟ್ಸ್ ಇಸ್ರಾಯೆಲ್ಸನ್ ಎಂಬ ತರುಣ ಗಣಿಗಾರನು ಸುರಂಗದಲ್ಲಿ ಕಾಣೆಯಾದನು. 1719ರಲ್ಲಿ, ನೀರು ತುಂಬಿದ ಹಳೆಯ ಸುರಂಗವೊಂದರಲ್ಲಿ, ಮೈಲುತುತ್ತದ ದ್ರವವು ಕೆಡಗೊಡದೆ ಕಾದಿಟ್ಟ ಅವನ ಶರೀರವು ಯೌವನದ ರೂಪಿನಲ್ಲಿಯೇ ಸಿಕ್ಕಿತು. ಊರಿನವರಾರಿಗೂ ಗುರುತು ಹತ್ತದಿದ್ದಾಗ, 42 ವರ್ಷಗಳ ಹಿಂದೆ ಅವನಿಗೆ ನಿಶ್ಚಿತಳಾಗಿದ್ದ, ಈಗ ಮುಪ್ಪಡರಿದ್ದ ಹೆಂಗಸು ಮುಂದೆ ಬಂದು ಅವನನ್ನು ಗುರುತಿಸಿದಳು. ಜರ್ಮನ್ ಭಾಷೆಯ ಲೇಖಕರಾದ ಹೆಬೆಲ್ಲನೂ ಹಾಫ್‌ಮನ್ನನೂ ಈ ವೃತ್ತಾಂತವನ್ನು ಕಥೆಯಾಗಿಸಿ ಲೋಕಪ್ರಸಿದ್ಧಗೊಳಿಸಿದರು. ಕೈಗವಸಿನ ಕುರಿತು ಯಾರೂ ಕಥೆ ಬರೆಯಲಿಲ್ಲ. ಆದರೆ ಅದರ ವಿಷಯದಲ್ಲಿಯೂ ಗುರುತಿಸುವವರು ಬೇಕಾಗಿತ್ತು, ಹಾಗೆ ಗುರುತಿಸಬಲ್ಲ ಕೈಗಳು ಆ ಪ್ರಾಂತದಲ್ಲಿ ಬಹು ವಿರಳವಾಗಿದ್ದವು.

ಏತಕ್ಕೆಂದರೆ ಅದು ನಾವೆಲ್ಲ ಬಲ್ಲ ಹೆಣಿಗೆಯಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಉಲ್ಲನ್ ದಾರದಿಂದ ಸ್ವೆಟರ್ ಹಾಕುವವರಾಗಲಿ, ಯೂರೋಪಿನ ಬಹುಭಾಗದವರಾಗಲಿ, ಹೆಣೆಯುವುದು ಒಂಟಿ ನೂಲಿನಿಂದ. ಒಂದು ಕಡ್ಡಿಯ ಮೇಲಿರುವ ಕುಣಿಕೆಯೊಳಗಿನಿಂದ ಆ ನೂಲನ್ನು ಸೆಳೆದು ಇನ್ನೊಂದು ಕಡ್ಡಿಗೆ ಹೊಸ ಕುಣಿಕೆಯನ್ನು ಏರಿಸಿದರೆ ಅಲ್ಲಿಗೆ ಒಂದು ಹೆಜ್ಜೆ ಮುಗಿಯಿತು. ಡಾಲಾರ್ನಾದ ಪದ್ಧತಿಯಲ್ಲಿ ನೂಲಿನ ಎಳೆ ಎರಡು. ಒಂದೇ ಉಂಡೆಯ ಒಳತುದಿಯೊಂದು, ಹೊರತುದಿಯೊಂದು, ಎರಡೂ ಬಲಗೈಯಲ್ಲಿ. ಮೊದಲ ಕುಣಿಕೆಗೆ ಒಂದೆಳೆ, ಮರುಕುಣಿಕೆಗೆ ಇನ್ನೊಂದು, ಹೀಗೆ ಸರದಿಯಂತೆ ಹೆಣೆಯುತ್ತ, ಪ್ರತಿಸಲವೂ ಹೊಸ ಎಳೆಯನ್ನು ಹಳೆಯದರ ಮೇಲಿಂದಲೇ ದಾಟಿಸಬೇಕು. ಈ ದಾಟುವಿಕೆಯ ದಿಕ್ಕು ಎಂದಿಗೂ ಬದಲಾಗಕೂಡದು. ಅದರಿಂದಾಗಿ ಬಟ್ಟೆಯ ಹಿಂಬದಿಯಲ್ಲಿ ಎರಡೆಳೆಗಳೂ ಹಗ್ಗ ಹೊಸೆದಂತೆ ಒಂದನ್ನೊಂದು ಸುತ್ತಿಕೊಂಡು, ಸಾಲುಸಾಲಾಗಿ ಅಡ್ಡ ಏಣುಗಳು ಮೂಡುತ್ತವೆ. ಸ್ವೀಡಿಷರು ಈಗ ಇದನ್ನು ಟ್ವೊಎಂಡ್ಸ್‌ಸ್ಟಿಕ್ನಿಂಗ್ ಎಂದು ಕರೆಯುತ್ತಾರೆ. ನಾವು ಎರಡೆಳೆಯ ಹೆಣಿಗೆಯೆನ್ನಬಹುದು.

ಈ ಕ್ರಮಕ್ಕೆ ತನ್ನದೇ ಆದ ಕ್ಲೇಶವುಂಟು. ಕುಣಿಕೆಗೆ ಅರ್ಧ ಸುತ್ತಿನಂತೆ ತಿರುವು ಏರುತ್ತ ಹೋಗಿ, ಸ್ವಲ್ಪ ಹೊತ್ತಿನಲ್ಲಿಯೇ ಕೈಗೂ ಉಂಡೆಗೂ ನಡುವಿನ ನೂಲು ಸಿಕ್ಕುಸಿಕ್ಕಾಗಿ ಮುಂದಿನ ಕೆಲಸಕ್ಕೆ ಎಡೆಗೊಡದು. ಆಗ ಹೆಣೆಯುವವಳು ಉಂಡೆಯ ನೂಲು ಜಾರದಂತೆ ಅದಕ್ಕೊಂದು ಸುತ್ತುಗಂಟು ಬಿಗಿದು, ಅದನ್ನು ಗಾಳಿಯಲ್ಲಿ ಜೋಲುಬಿಡುತ್ತಾಳೆ. ಉಂಡೆಯು ತನ್ನಷ್ಟಕ್ಕೆ ಗಿರ್ರನೆ ತಿರುಗಿ ತಿರುವನ್ನೆಲ್ಲ ಕಳಚಿಕೊಂಡು ನಿಂತ ಮೇಲೆ ಮತ್ತೆ ಹೆಣಿಗೆ ಸಾಗುತ್ತದೆ. ನೂಲಿನ ವಿಷಯದಲ್ಲಿಯೂ ವಿಶೇಷವಿದೆ. ಅಂಗಡಿಯಲ್ಲಿ ಮಾರುವ ಸಾಧಾರಣ ನೂಲಿನ ಹುರಿಗೆ ವಿರುದ್ಧವಾದ ದಿಕ್ಕಿನಲ್ಲಿ ಹುರಿಗೊಳಿಸಿದ ನೂಲೇ ಇದಕ್ಕೆ ಒಪ್ಪುವುದು. ಅಂದಮೇಲೆ ರಾಟೆಯ ಮುಂದೆ ಕುಳಿತವಳಿಗೂ ಮುಂದೆ ಆ ನೂಲು ಯಾವ ವಿಧದ ಹೆಣಿಗೆಗೆ ಹೋಗುವುದೆಂಬ ತಿಳಿವಳಿಕೆ ಇರತಕ್ಕದ್ದು.

ಇಷ್ಟು ಶ್ರಮಕ್ಕೆ ತಕ್ಕ ಫಲವಿಲ್ಲದಿದ್ದರೆ ಆ ಚಳಿಯ ನಾಡಿನ ಜನ ಇದನ್ನು ತಲೆಮಾರುಗಳ ಕಾಲ ನಡೆಸಿಕೊಂಡು ಬರುತ್ತಿರಲಿಲ್ಲ. ಎರಡೆಳೆಯ ಬಟ್ಟೆ ದಟ್ಟವಾದುದು, ಅಷ್ಟು ಸುಲಭವಾಗಿ ಗಾಳಿಗೆ ದಾರಿಕೊಡದು, ಎಳೆದಂತೆ ಹಿಗ್ಗದು. ಒಂದೆಳೆ ಸವೆದು ಹರಿದರೂ ಅದರ ಜೊತೆಯ ಎಳೆ ಕುಣಿಕೆಗಳನ್ನು ಹಿಡಿದು ನಿಲ್ಲಿಸುತ್ತದೆ. ಹಿಮದಲ್ಲಿ ಕೊಡಲಿಯನ್ನೋ ಲಗಾಮನ್ನೋ ಹಿಡಿಯುವ ಕೈಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕಾಗಿಲ್ಲ. ಕೈಗವಸು, ಕಾಲುಚೀಲಗಳಲ್ಲದೆ ಕುಪ್ಪಸದ ತೋಳುಗಳನ್ನೂ ಹೀಗೆ ಹೆಣೆಯುತ್ತಿದ್ದರು: ಮೈಭಾಗ ನೇಯ್ದ ದಪ್ಪ ಬಟ್ಟೆಯದು, ಅದಕ್ಕೆ ಹೊಲಿದ ತೋಳುಗಳು ಮಾತ್ರ ಹೆಣಿಗೆಯವು. ಡಾಲಾ-ಫ್ಲೋಡಾ ಗ್ರಾಮದವರು ಇಂಥ ಗವಸುಗಳ ಮೇಲೆ ಬಣ್ಣದ ಉಣ್ಣೆಯಿಂದ ತುಂಬು ಗುಲಾಬಿಗಳನ್ನು ಕಸೂತಿ ಮಾಡಿ, ಶೀತಕಾಲಕ್ಕೆ ಉದ್ಯಾನದ ವೈಭವವನ್ನೇ ತೊಡಿಸಿದರು. ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಆ ಗುಲಾಬಿಗಳಲ್ಲ, ಬಿಳಿಯ ಮೇಲೆ ಬಿಳಿಯಾಗಿಯೇ ಮೂಡುವ ಇನ್ನೊಂದು ಜಾತಿಯ ಚಿತ್ರ. ಎರಡರಲ್ಲೊಂದು ಎಳೆಯನ್ನು ಹಿಂಬದಿಗೆ ಬಿಡದೆ ಮುಂಬದಿಯಲ್ಲಿಯೇ ಉಳಿಸಿ, ಒಂದು ಕುಣಿಕೆಯನ್ನು ಮುಂದಿನಿಂದ, ಮರುಕುಣಿಕೆಯನ್ನು ಹಿಂದಿನಿಂದ ಹೆಣೆದರೆ, ಆ ಎಳೆ ಬಟ್ಟೆಯ ಮೇಲ್ಮೈಯಲ್ಲಿ ಸಣ್ಣ ಕೊಕ್ಕೆಗಳಂತೆ ಬಾಗಿ ನಿಲ್ಲುತ್ತದೆ. ಇಂಥ ಎರಡು ಸಾಲುಗಳನ್ನು ಒಂದರ ಮೇಲೊಂದು ಇಟ್ಟರೆ ಸರಪಳಿಯಾಗುತ್ತದೆ. ಬಣ್ಣದ ಸಹಾಯ ಲವಲೇಶವೂ ಇಲ್ಲದ ಈ ಅಲಂಕಾರ ಬೆಳಕು ಓರೆಯಾಗಿ ಬಿದ್ದಾಗಲಷ್ಟೇ ಸ್ಫುಟವಾಗುತ್ತದೆ. ಎದುರಿನ ಬೆಳಕಿನಲ್ಲಿ ಅದು ಇದ್ದೂ ಇಲ್ಲದಂತೆ.

ಇಂಥ ವಿದ್ಯೆ ಹೇಗೆ ಮರೆಯಾಯಿತು? ಸಾವಕಾಶದ ಕೆಲಸ, ಯಂತ್ರದ ಕಾಲುಚೀಲ ಅಗ್ಗ, ಎಂಬುದು ಎಲ್ಲ ಕೈಕಸುಬುಗಳಿಗೂ ಹೇಳುವ ಉತ್ತರ. ಇಲ್ಲಿಯೂ ಅದು ಸುಳ್ಳಲ್ಲ. ಆದರೆ ಅದೊಂದೇ ಸಾಲದು. ಹೆಣಿಗೆಯೆಂಬುದು ಸ್ವೀಡನ್ನಿನಲ್ಲಿ ನಶಿಸಲಿಲ್ಲ, ಎರಡೆಳೆಯ ಹೆಣಿಗೆ ಮಾತ್ರ ಹಿಂದೆ ಸರಿಯಿತು. 1880ರ ದಶಕದಿಂದ ಹುಲ್ಡಾ ಲುಂಡಿನ್ ಎಂಬಾಕೆ ಸ್ಟಾಕ್‌ಹೋಮಿನ ಶಾಲೆಗಳಲ್ಲಿ ಹೆಣ್ಣುಮಕ್ಕಳ ಕೈಕೆಲಸಕ್ಕೆ ಕ್ರಮಬದ್ಧವಾದ ಬೋಧನಪದ್ಧತಿಯನ್ನು ರೂಪಿಸಿದಳು. ತರಗತಿಗೆಲ್ಲ ಒಟ್ಟಿಗೆ, ಒಂದೇ ರೀತಿಯಲ್ಲಿ, ಮೆಟ್ಟಿಲುಮೆಟ್ಟಿಲಾಗಿ ಕಲಿಸುವುದು ಅದರ ತಿರುಳು. ಶಾಲೆಯ ಈ ಶಿಸ್ತು ಎಷ್ಟೋ ಬಡ ಹುಡುಗಿಯರಿಗೆ ಉಪಕಾರ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರಿಗೂ ಒಂದೇ ರೀತಿಯೆಂದೊಡನೆ ಅಜ್ಜಿಯ ರೀತಿ ತಪ್ಪುರೀತಿಯಾಗಿ ಕಾಣತೊಡಗುವುದು ಸಹಜ. ಜರ್ಮನ್ ಸಂಪ್ರದಾಯದಂತೆ ಎಡಗೈಯ ಬೆರಳಿಗೆ ನೂಲು ಸುತ್ತಿ ಹೆಣೆಯಲು ಅಭ್ಯಾಸವಾದ ಮಗುವಿಗೆ, ಬಲಗೈಯಲ್ಲಿ ಎರಡೆಳೆಗಳನ್ನು ಹಿಡಿದು ತಿರುವುತ್ತ ಕುಳಿತ ಮುದುಕಿ, ಸುಲಭದ ಕೆಲಸವನ್ನು ವೃಥಾ ಕಷ್ಟಪಡಿಸಿಕೊಳ್ಳುವವಳಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಅಚ್ಚಾದ ಪುಸ್ತಕಗಳಲ್ಲಿ ಸ್ಥಾನ ಪಡೆದದ್ದು ಒಂಟಿನೂಲಿನ ಹೆಣಿಗೆ. ಎರಡೆಳೆಯದು ಕಣ್ಣಿನಿಂದ ಕೈಗೆ, ಕೈಯಿಂದ ಕೈಗೆ ಸಾಗಿದ ಸರಕು. ವಿದ್ಯೆಯ ಯೋಗ್ಯತೆಗೂ ಅದರ ಆಯುಸ್ಸಿಗೂ ನಡುವೆ ನಾವು ಊಹಿಸುವಷ್ಟು ನಿಕಟ ಸಂಬಂಧವಿಲ್ಲವೆಂದು ನನಗೆ ತೋರುವುದು ಇಂಥಲ್ಲಿಯೇ.

ಹಳೆಯದನ್ನು ಉಳಿಸಬೇಕೆಂಬ ಆಸ್ಥೆ ಆ ದೇಶದಲ್ಲಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಮುಂದೆ ನೂರ್ಡಿಸ್ಕಾ ವಸ್ತುಸಂಗ್ರಹಾಲಯವನ್ನೂ ಸ್ಕಾನ್ಸೆನ್ನಿನ ಬಯಲು ಸಂಗ್ರಹಾಲಯವನ್ನೂ ಸ್ಥಾಪಿಸಿದ ಆರ್ಟುರ್ ಹಾಜೆಲಿಯಸನು 1872ರಲ್ಲಿ ತನ್ನ ಸಂಗ್ರಹಕ್ಕೆ ನಾಂದಿ ಹಾಡಿದ್ದೇ ಡಾಲಾರ್ನಾ ಪ್ರವಾಸದಲ್ಲಿ, ಸ್ಟೋರಾ ಟೂನಾದ ಒಂದು ಲಂಗವನ್ನು ಕೊಂಡುಕೊಂಡು. 1899ರಲ್ಲಿ ಲಿಲ್ಲಿ ಸಿಕ್ಕರ್‌ಮನ್ ಎಂಬಾಕೆಯ ನೇತೃತ್ವದಲ್ಲಿ ಸ್ವೀಡಿಷ್ ಗೃಹಕೈಗಾರಿಕೆಯ ಸಂಘವೇ ಹುಟ್ಟಿತು. ಹೆಣಿಗೆಗೂ ಪೋಷಕರು ದೊರೆಯದೆ ಹೋಗಲಿಲ್ಲ: ಹಾಲಾಂಡ್ ಪ್ರಾಂತದ ಬಿಂಗೆ ಹೆಣಿಗೆಗೆ 1907ರಲ್ಲಿ ಸಂಘವೊಂದು ಬೆಂಬಲವಾಯಿತು, ಬೂಹುಸ್ಲೇನಿನಲ್ಲಿ ಎಮ್ಮಾ ಯಾಕೊಬ್ಸನ್ನಳು 1939ರಿಂದ 1969ರವರೆಗೆ ನಡೆಸಿದ ಸಂಸ್ಥೆಯ ಸ್ವೆಟರುಗಳು ಸಾಗರದಾಚೆಗೂ ಮಾರಾಟವಾದವು. ಇವುಗಳಲ್ಲಿ ಕಣ್ಣನ್ನು ಮೊದಲು ಹಿಡಿಯುವುದು ಬಣ್ಣ, ಮಾದರಿ. ಛಾಯಾಚಿತ್ರಕ್ಕೂ ಅಂಗಡಿಯ ಕಿಟಕಿಗೂ ಅದು ಹೇಳಿಮಾಡಿಸಿದ ಗುಣ. ಡಾಲಾರ್ನಾದ ವಿದ್ಯೆಯ ಸಾರವಿರುವುದು ಒಳಮೈಯಲ್ಲಿ. ಸಾದಾ ಗವಸನ್ನು ಹೊರಗಿನಿಂದ ನೋಡಿದವನಿಗೆ ಅದು ಬಿಗಿಯಾಗಿ ಹೆಣೆದ ಯಾವುದೋ ಗವಸು, ಅಷ್ಟೆ. ಬಟ್ಟೆಯನ್ನು ಮಗುಚಿ ಅಡ್ಡ ಏಣುಗಳನ್ನು ಕಾಣುವವರೆಗೂ ಅದರ ಕುಲಗೋತ್ರ ತಿಳಿಯದು.

ಮೇಲ್ಮೈಯನ್ನು ನಂಬಿ ಮೋಸಹೋದವರು ಸ್ವೀಡಿಷರೊಬ್ಬರೇ ಅಲ್ಲ. ಈಜಿಪ್ತಿನ ಸಮಾಧಿಗಳಲ್ಲಿ ದೊರೆತ, ಕ್ರಿಸ್ತಶಕದ ಆದಿ ಶತಮಾನಗಳಿಗೆ ಸೇರಿದ, ಹೆಬ್ಬೆರಳಿಗೆ ಬೇರೆಯೇ ಕೋಣೆಯುಳ್ಳ ಉಣ್ಣೆಯ ಕಾಲುಚೀಲಗಳನ್ನು ವಿದ್ವಾಂಸರು ಬಹುಕಾಲ ಹೆಣಿಗೆಯೆಂದೇ ಎಣಿಸಿ, ಆ ಕಲೆಯ ಪ್ರಾಚೀನತೆಗೆ ಅವನ್ನು ಸಾಕ್ಷಿಯಾಗಿ ಕರೆಯುತ್ತಿದ್ದರು. ಕೆನಡಾದ ಡೊರೊಥಿ ಬರ್ನ್‌ಹ್ಯಾಮ್ ಎಂಬ ವಸ್ತ್ರತಜ್ಞೆ 1972ರಲ್ಲಿ ಅವುಗಳ ರಚನೆಯನ್ನು ಎಳೆಎಳೆಯಾಗಿ ವಿವೇಚಿಸಿ, ಅವು ಎರಡು ಕಡ್ಡಿಗಳ ಕೆಲಸವಲ್ಲ, ಕಣ್ಣುಳ್ಳ ಒಂದೇ ಸೂಜಿಯಿಂದ ತುಂಡುನೂಲನ್ನು ಕುಣಿಕೆಯೊಳಗೆ ಪೂರ್ತಿಯಾಗಿ ಹಾಯಿಸುತ್ತ ಮಾಡಿದವು ಎಂದು ತೋರಿಸಿಕೊಟ್ಟಳು. ಕುಣಿಕೆಗಳ ಹೊರರೂಪ ಎರಡರಲ್ಲಿಯೂ ಒಂದೇ. ಅಲ್ಲಿಗೆ ತಲುಪಿದ ದಾರಿ ಬೇರೆ. ನೋಡುವವನ ಕೈಗೆ ಆ ದಾರಿಯ ಪರಿಚಯವಿಲ್ಲದಿದ್ದರೆ ಕಣ್ಣು ತನಗೆ ಗೊತ್ತಿದ್ದುದನ್ನೇ ಕಂಡು ತೃಪ್ತವಾಗುತ್ತದೆ.

ಫಾಲುನ್ನಿನಲ್ಲಿರುವ ಡಾಲಾರ್ನಾ ವಸ್ತುಸಂಗ್ರಹಾಲಯದವರು ಆದಕಾರಣ ಎರಡೆಳೆಯ ಹೆಣಿಗೆಯ ಕುರಿತು ಎರಡು ಬಗೆಯ ಶೋಧನೆಯನ್ನು ಜೊತೆಜೊತೆಯಾಗಿ ನಡೆಸಬೇಕಾಯಿತು. ಹಳೆಯ ಉಡುಪುಗಳನ್ನು ಮಗುಚಿ ಪರೀಕ್ಷಿಸುವುದು ಮೊದಲನೆಯದು. ಎರಡನೆಯದು ಜನರೊಳಗಿನ ಹುಡುಕಾಟ: ಪ್ರಾಂತದ ಕೆಲವು ಹಳ್ಳಿಗಳಲ್ಲಿ ಪರಂಪರೆ ಪೂರ್ತಿಯಾಗಿ ಕಡಿದಿರಲಿಲ್ಲ. ವಸ್ತುವು ಏನಾಗಿದೆಯೆಂಬುದನ್ನು ಹೇಳುತ್ತದೆಯೇ ಹೊರತು ಹೇಗಾಯಿತೆಂಬುದನ್ನು ಪೂರ್ತಿಯಾಗಿ ಹೇಳದು. ಎಳೆಗಳನ್ನು ಯಾವ ಬೆರಳುಗಳ ನಡುವೆ ಹಿಡಿಯಬೇಕು, ತಿರುವು ಎಷ್ಟು ಏರುವವರೆಗೆ ತಾಳಬಹುದು, ಉಂಡೆಯನ್ನು ಯಾವಾಗ ಜೋಲುಬಿಡಬೇಕು ಎಂಬಿವು ಗಾಜಿನ ಪೆಟ್ಟಿಗೆಯಲ್ಲಿ ಸಿಗುವ ಸಂಗತಿಗಳಲ್ಲ. ಬಿರ್ಗಿಟ್ಟಾ ಡಾಂಡನೆಲ್ ಮತ್ತು ಉಲ್ಲಾ ಡೇನಿಯಲ್ಸನ್ ಈ ಶೋಧನೆಯ ಫಲವನ್ನು ಗ್ರಂಥರೂಪಕ್ಕೆ ತಂದರು. 1989ರಲ್ಲಿ ಅದರ ಇಂಗ್ಲಿಷ್ ಭಾಷಾಂತರ ಅಮೆರಿಕದಲ್ಲಿ ಪ್ರಕಟವಾಯಿತು. ಪುಸ್ತಕಗಳ ಲೋಕದಲ್ಲಿ ಎಡೆಯಿಲ್ಲದುದರಿಂದ ಸೊರಗಿದ್ದ ವಿದ್ಯೆ ಕಡೆಗೆ ಪುಸ್ತಕದ ಮೂಲಕವೇ ತನ್ನ ಸೀಮೆಯನ್ನು ದಾಟಿದುದು ವಿನೋದವೇ ಸರಿ. ಡಾಲಾ-ಫ್ಲೋಡಾದ ವೋಲ್‌ಸ್ಟೆಡ್ ನೂಲುಗಿರಣಿಯು ಇದಕ್ಕೆ ತಕ್ಕ ಹುರಿಯುಳ್ಳ ನೂಲನ್ನು ತಯಾರಿಸುತ್ತದೆ. ಅದಿಲ್ಲದೆ ಪುಸ್ತಕವೊಂದರಿಂದಲೇ ಹೆಚ್ಚು ದೂರ ಸಾಗುವಂತಿರಲಿಲ್ಲ.

ಈಗ ಇದನ್ನು ಕಲಿಯಬಯಸುವವರಿಗೆ ಸಾಮಾನ್ಯವಾಗಿ ಮೊದಲು ಹೆಣೆಯಲು ಕೊಡುವುದು ಮಣಿಕಟ್ಟಿಗೆ ತೊಡುವ ಕಿರಿದಾದ ಉಣ್ಣೆಯ ಪಟ್ಟಿ. ಅದಕ್ಕೆ ಹೆಬ್ಬೆರಳಿನ ಗೊಡವೆಯಿಲ್ಲ, ಸುತ್ತಳತೆ ಚಿಕ್ಕದು. ಆರಂಭದ ಸಾಲನ್ನು ಮೂರು ಎಳೆಗಳಿಂದ ಕಟ್ಟಿಕೊಂಡು, ಮೂರನೆಯದನ್ನು ಬಿಟ್ಟು, ಉಳಿದೆರಡರಿಂದ ಸುತ್ತು ಹೆಣೆಯುತ್ತ ಹೋಗುವುದು ಕ್ರಮ. ಎಡಗೈಯಲ್ಲಿ ನೂಲು ಹಿಡಿದು ನುರಿತವರು ಇಲ್ಲಿ ಹೊಸಬರಿಗಿಂತ ಹೆಚ್ಚು ತಡವರಿಸುವುದುಂಟು. ಅವರ ಬಲಗೈ ಅಲ್ಲಿಯವರೆಗೆ ಕಡ್ಡಿ ಹಿಡಿಯುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಿರುವುದಿಲ್ಲ.